ಸರದಿಯ ಒಪ್ಪಿಸುವಿಕೆ: ಬರಹದಲ್ಲಿ ನಿಧಾನವಾಗಿ ನಡೆಯುವ ಪಾತ್ರಧಾರಣೆಯ ಆಟಗಳ ಕಥನರಚನೆ

ಕಥನವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಬರೆದು ಮುಗಿಸಿದ ಪಠ್ಯವನ್ನು ಎದುರಿಗಿಟ್ಟುಕೊಂಡೇ ನಡೆಯುತ್ತವೆ. ಮೌಖಿಕ ಕಾವ್ಯಗಳ ಅಧ್ಯಯನದಲ್ಲಿ ಪ್ರದರ್ಶನ, ಸಂದರ್ಭ, ಕೇಳುಗರ ಪಾಲುಗಾರಿಕೆ ಮೊದಲಾದವುಗಳಿಗೆ ಸ್ಥಾನ ದೊರೆತಿದೆ, ನಿಜ. ಆದರೆ ಅಲ್ಲಿಯೂ ಕೊನೆಗೆ ವಿಶ್ಲೇಷಣೆಗೆ ಒದಗುವುದು ಹೆಚ್ಚಾಗಿ ಸಂಪಾದನೆಗೊಂಡು ಅಚ್ಚಾದ ಪಠ್ಯವೇ. ಇವೆರಡಕ್ಕೂ ಹೊರತಾಗಿ, ಬರಹದಲ್ಲಿಯೇ ಹುಟ್ಟಿ ಬರಹದಲ್ಲಿಯೇ ಬೆಳೆಯುವ, ಆದರೆ ಮುಂದಿನ ವಾಕ್ಯ ಏನಾಗಲಿದೆ ಎಂಬುದು ಬರೆಯುವವನಿಗೇ ತಿಳಿಯದಿರುವ ಒಂದು ಕಥನಪ್ರಕಾರವಿದೆ. ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಪಾತ್ರಧಾರಣೆಯ ಆಟವನ್ನು ಅಂತರ್ಜಾಲದಲ್ಲಿ ಬರಹದ ಮೂಲಕ, ದಿನಕ್ಕೊಂದೋ ಎರಡೋ ಸಂದೇಶಗಳ ಗತಿಯಲ್ಲಿ ಆಡುವ ಪದ್ಧತಿಯದು. ಇಂತಹ ಆಟಕ್ಕಾಗಿ ಮೊದಲೇ ಸಿದ್ಧಪಡಿಸಿಡುವ ಸಾಹಸಪಠ್ಯ ಹೇಗಿರಬೇಕೆಂಬುದು ಇಲ್ಲಿಯ ಪ್ರಶ್ನೆ. ಮೇಲ್ನೋಟಕ್ಕೆ ಇದು ಆಟಗಾರರಿಗೆ ಸಂಬಂಧಿಸಿದ್ದು. ನನ್ನ ದೃಷ್ಟಿಯಲ್ಲಿ ಕಥನಶಾಸ್ತ್ರಕ್ಕೂ ಅಷ್ಟೇ ಸಂಬಂಧಿಸಿದ್ದು.

ಪರಿಚಯವಿಲ್ಲದವರಿಗಾಗಿ ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ೧೯೭೪ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾದಂದಿನಿಂದ ಈ ಪ್ರಕಾರ ಹರಡಿತು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬರು ಕಲ್ಪಿತ ಲೋಕವನ್ನು ವರ್ಣಿಸುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುವುದು ರೂಢಿ, ಇಲ್ಲಿ ಸೂತ್ರಧಾರ ಎನ್ನುತ್ತೇನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಲೋಕದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಫಲ ಅನಿಶ್ಚಿತವಾಗಿರುವಲ್ಲಿ ದಾಳ ಉರುಳಿಸಿ ನಿಯಮಾನುಸಾರ ನಿರ್ಧರಿಸುತ್ತಾರೆ. ಸೂತ್ರಧಾರನ ಕೈಯಲ್ಲಿ ಸ್ಥಳ, ವ್ಯಕ್ತಿ, ಅಪಾಯ, ರಹಸ್ಯಗಳನ್ನು ವಿವರಿಸುವ ಸಿದ್ಧಪಠ್ಯವೊಂದಿರುತ್ತದೆ. ಅದೇ ಸಾಹಸಪಠ್ಯ. ಅದು ಕಥೆಯಲ್ಲ, ಕಥೆಯಾಗಬಹುದಾದುದರ ಸಾಮಗ್ರಿ. ಆಟಗಾರರು ಅದನ್ನು ಮೊದಲೇ ಓದುವಂತಿಲ್ಲ. ಕಥೆಯನ್ನು ಅನುಭವಿಸಬೇಕಾದವರಿಂದಲೇ ಮರೆಮಾಡಿಡಬೇಕಾದ ಪಠ್ಯ ಸಾಹಿತ್ಯದಲ್ಲಿ ಅಪರೂಪವೆಂದೇ ಹೇಳಬೇಕು.

ದೂರದಲ್ಲಿರುವವರು ಬರಹದ ಮೂಲಕ ಆಡುವುದು ಅಂತರ್ಜಾಲದ ಸೃಷ್ಟಿಯೇನೂ ಅಲ್ಲ. ಅಂಚೆಯಲ್ಲಿ ಚದುರಂಗ ಆಡುವ ಪದ್ಧತಿ ಹಳೆಯದು. ಅಲನ್ ಕ್ಯಾಲಮರ್ ೧೯೫೯ರಲ್ಲಿ ಹೊರತಂದ ‘ಡಿಪ್ಲೊಮಸಿ’ಯನ್ನು ೧೯೬೩ರಿಂದ ಅಂಚೆಯ ಮೂಲಕ ಆಡತೊಡಗಿದರು. ೧೯೭೦ರಲ್ಲಿ ರಿಕ್ ಲೂಮಿಸ್ ‘ನ್ಯೂಕ್ಲಿಯರ್ ಡಿಸ್ಟ್ರಕ್ಷನ್’ ಎಂಬ ಅಂಚೆಯಾಟವನ್ನು ಆರಂಭಿಸಿದರು. ಈ ಹಿನ್ನೆಲೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಡಿಪ್ಲೊಮಸಿಯಲ್ಲಿ ಯಾರೂ ಇನ್ನೊಬ್ಬರ ಸರದಿ ಮುಗಿಯಲೆಂದು ಕಾಯುವುದಿಲ್ಲ. ಏಳು ಮಂದಿಯೂ ತಂತಮ್ಮ ಸೇನೆಗಳ ಆಜ್ಞೆಗಳನ್ನು ಬರೆದು ಒಪ್ಪಿಸುತ್ತಾರೆ, ಎಲ್ಲವೂ ಒಟ್ಟಿಗೆ ಜಾರಿಯಾಗುತ್ತವೆ. ಅಂಚೆ ಚದುರಂಗದಲ್ಲಿ ಸರದಿಯಿದೆ. ಆದರೆ ‘ನಿಮ್ಮ ನಡೆ ಹೀಗಾದರೆ ನನ್ನ ನಡೆ ಹೀಗೆ’ ಎಂದು ಷರತ್ತಿನ ನಡೆಗಳನ್ನು ಮುಂಚಿತವಾಗಿ ಬರೆದು ಕಳುಹಿಸುವ ರೂಢಿಯೂ ಇದೆ. ಒಂದು ಏಕಕಾಲಿಕತೆ, ಇನ್ನೊಂದು ಷರತ್ತು. ಮೊದಲನೆಯದು ಆ ಆಟದ ಹುಟ್ಟಿನಲ್ಲಿಯೇ ಇದ್ದುದು, ಎರಡನೆಯದು ವಿಳಂಬದ ಅನುಭವದಿಂದ ಬಂದುದು. ಮೇಜಿನ ಮೇಲೆ ಬೆಳೆದ ಪಾತ್ರಧಾರಣೆಯ ಆಟಕ್ಕೆ ಇವೆರಡರ ಅಗತ್ಯವೂ ಬೀಳಲಿಲ್ಲ. ಆ ಆಟ ಈಗ ಮೇಜನ್ನು ಬಿಟ್ಟು ಬರಹಕ್ಕೆ ಬಂದಿದೆ. ಸಾಹಸಪಠ್ಯಗಳು ಮಾತ್ರ ಇನ್ನೂ ಮೇಜಿನವೇ ಆಗಿ ಉಳಿದಿವೆ.

ಒಂದು ನಿದರ್ಶನವನ್ನು ನೋಡಬಹುದು. ೨೦೧೪ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯೊಂದಿಗೆ ಹೊಸಬರಿಗಾಗಿ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಎಂಬ ಸಾಹಸಪಠ್ಯ ಬಂತು. ಪಾತ್ರಗಳು ಸಾಮಾನು ತುಂಬಿದ ಬಂಡಿಯೊಂದಿಗೆ ಫ್ಯಾಂಡಲಿನ್ ಎಂಬ ಊರಿಗೆ ಹೊರಟಿರುತ್ತಾರೆ. ದಾರಿಗೆ ಅಡ್ಡಲಾಗಿ ಎರಡು ಕುದುರೆಗಳು ಸತ್ತುಬಿದ್ದಿವೆ. ಪೊದೆಗಳಲ್ಲಿ ನಾಲ್ಕು ಮಂದಿ ಗಾಬ್ಲಿನ್‌ಗಳು ಹೊಂಚುಹಾಕಿದ್ದಾರೆ. ಮೇಜಿನ ಮೇಲೆ ಇದು ಒಳ್ಳೆಯ ಆರಂಭವೇ: ಮೊದಲ ಅರ್ಧ ಗಂಟೆಯೊಳಗೆ ನಿಯಮಗಳೂ ಪರಿಚಯವಾಗುತ್ತವೆ, ಉತ್ಸಾಹವೂ ಏರುತ್ತದೆ. ಇದನ್ನೇ ಬರಹಕ್ಕೆ ತಂದರೆ ಏನಾಗುತ್ತದೆ? ನಿಯಮದ ಪ್ರಕಾರ ಕಾಳಗದಲ್ಲಿ ಪ್ರತಿಯೊಬ್ಬರಿಗೂ ದಾಳದಿಂದ ನಿಶ್ಚಯವಾದ ಸರದಿಯಿದೆ. ಐದು ಮಂದಿ ಆಟಗಾರರು, ಒಬ್ಬೊಬ್ಬರೂ ದಿನಕ್ಕೊಮ್ಮೆ ಬರೆಯುವವರು ಎಂದಿಟ್ಟುಕೊಳ್ಳೋಣ. ಹಿಂದಿನವರ ಬರಹಕ್ಕಾಗಿ ಮುಂದಿನವರು ಕಾದರೆ ಒಂದು ಸುತ್ತಿಗೆ ಐದು ದಿನ. ಕಾಳಗ ಮೂರು ಸುತ್ತು ನಡೆದರೆ ಹದಿನೈದು ದಿನ. ಈ ಆವೃತ್ತಿಯಲ್ಲಿ ಒಂದು ಸುತ್ತೆಂದರೆ ಕಥೆಯೊಳಗೆ ಆರು ಸೆಕೆಂಡು. ಅಂದರೆ ಹದಿನೆಂಟು ಸೆಕೆಂಡುಗಳ ಜಗಳವನ್ನು ಅರ್ಧ ತಿಂಗಳು ಬರೆದಂತಾಯಿತು. ಅಷ್ಟರಲ್ಲಿ ಗಾಯಗೊಂಡ ಗಾಬ್ಲಿನ್ ಯಾವುದೆಂಬುದು ಮರೆತಿರುತ್ತದೆ. ಕುದುರೆಗಳು ಏಕೆ ಸತ್ತವೆಂಬ ಕುತೂಹಲ ಅದಕ್ಕೂ ಮೊದಲೇ ಸತ್ತಿರುತ್ತದೆ.

ದೋಷ ಆ ಪಠ್ಯದ್ದಲ್ಲ. ಅದನ್ನು ಬರೆದದ್ದು ಬೇರೊಂದು ಗತಿಗಾಗಿ. ಛಂದಸ್ಸು ಬದಲಾದಾಗ ಪದ್ಯವನ್ನು ಮತ್ತೆ ಕಟ್ಟಬೇಕಲ್ಲದೆ ಹಳೆಯ ಸಾಲುಗಳನ್ನು ಅಲ್ಲಲ್ಲಿ ಮುರಿದಿಟ್ಟರೆ ಸಾಲದು. ನಿಧಾನದ ಆಟದಲ್ಲಿ ರಚನೆಯ ಘಟಕ ಕೋಣೆಯೂ ಅಲ್ಲ, ಕಾಳಗವೂ ಅಲ್ಲ. ಒಬ್ಬರು ಬರೆದು ಇನ್ನೊಬ್ಬರಿಗೆ ಬಿಟ್ಟುಕೊಡುವ ಆ ಗಳಿಗೆ. ಸಾಹಸಪಠ್ಯದ ಪ್ರತಿಯೊಂದು ಸನ್ನಿವೇಶವೂ ಸರದಿ ಎಲ್ಲಿ, ಯಾರಿಗೆ, ಯಾವ ಭಾರದೊಂದಿಗೆ ಒಪ್ಪಿತವಾಗುತ್ತದೆ ಎಂಬುದನ್ನು ಲೆಕ್ಕಹಾಕಿ ರಚಿತವಾಗಬೇಕೆಂಬುದು ನನ್ನ ವಾದ.

ಕಾಳಗದ ಮಟ್ಟಿಗೆ ಪರಿಹಾರ ಕಷ್ಟದ್ದಲ್ಲ. ೧೯೮೧ರಲ್ಲಿ ಟಾಮ್ ಮೋಲ್ಡ್‌ವೇ ಪರಿಷ್ಕರಿಸಿದ ಆರಂಭಿಕ ನಿಯಮಗಳಲ್ಲಿ ಪಕ್ಷಕ್ಕೊಂದು ದಾಳವಿತ್ತು. ಗೆದ್ದ ಪಕ್ಷದವರೆಲ್ಲ ಒಟ್ಟಿಗೆ ಮುಂದಾಗುತ್ತಿದ್ದರು. ಹಾಗೆ ಮಾಡಿ, ಎಲ್ಲರ ಉದ್ದೇಶಗಳನ್ನೂ ಒಂದೇ ಅವಧಿಯಲ್ಲಿ ಪಡೆದು, ‘ಅವನು ಓಡಿದರೆ ಬೆನ್ನಟ್ಟುವುದಿಲ್ಲ, ಗೆಳೆಯ ಬಿದ್ದರೆ ಬಿಲ್ಲನ್ನು ಬಿಟ್ಟು ಅವನತ್ತ ಹೋಗುತ್ತೇನೆ’ ಎಂಬಂತಹ ಷರತ್ತುಗಳೊಂದಿಗೆ ಒಂದೇ ಬರಹದಲ್ಲಿ ಫಲವನ್ನು ಹೇಳಿದರೆ ಅರ್ಧ ತಿಂಗಳ ಕೆಲಸ ಮೂರು ದಿನಕ್ಕೆ ಇಳಿಯುತ್ತದೆ. ಷರತ್ತು ಬರೆಯುವ ಆಟಗಾರ ತನ್ನ ಪಾತ್ರದ ಸ್ವಭಾವವನ್ನೇ ಬರೆಯುತ್ತಿದ್ದಾನೆ ಎಂಬುದನ್ನೂ ನೋಡಬೇಕು. ಬಿಲ್ಲನ್ನು ಬಿಡುವವನು ಎಂಥವನೆಂದು ಅವನು ಬಿಡುವ ಮೊದಲೇ ನಮಗೆ ತಿಳಿದುಹೋಗುತ್ತದೆ.

ಸ್ಥಳದ ವಿಷಯ ಇದಕ್ಕಿಂತ ಜಟಿಲವಾದುದು. ಗೈಗ್ಯಾಕ್ಸ್ ೧೯೭೯ರಲ್ಲಿ ರಚಿಸಿದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ನಲ್ಲಿ ಒಂದು ಕಮರಿಯ ಇಕ್ಕೆಲಗಳಲ್ಲಿ ಹಲವು ಗುಹೆಗಳಿವೆ, ಯಾವುದನ್ನು ಹೊಗಬೇಕೆಂಬುದು ಆಟಗಾರರ ಆಯ್ಕೆ. ಮೇಜಿನ ಮೇಲೆ ಎಡವೋ ಬಲವೋ ಎಂದು ತೀರ್ಮಾನಿಸಲು ಅರ್ಧ ನಿಮಿಷ ಸಾಕು, ತಪ್ಪಿದರೆ ಹಿಂದಿರುಗಲು ಇನ್ನರ್ಧ ನಿಮಿಷ. ಬರಹದಲ್ಲಿ ಐವರು ಸೇರಿ ನಾಲ್ಕು ದಿನ ಚರ್ಚಿಸುತ್ತಾರೆ. ಚರ್ಚಿಸಲು ಅವರ ಬಳಿ ಆಧಾರವೇನೂ ಇರುವುದಿಲ್ಲವಾದ್ದರಿಂದ ಸೌಜನ್ಯವೇ ಚರ್ಚೆಯಾಗುತ್ತದೆ: ‘ನನಗೆ ಯಾವುದಾದರೂ ಆದೀತು, ನೀವು ಹೇಳಿ.’ ಆದುದರಿಂದ ಆಯ್ಕೆಗಳು ಕಡಿಮೆಯಿರಬೇಕು. ಪ್ರತಿಯೊಂದು ಆಯ್ಕೆಗೂ ಸುಳಿವು ಮತ್ತು ಬೆಲೆ ಇರಬೇಕು. ಎಡದ ಗುಹೆಯಿಂದ ಅಡುಗೆಯ ಹೊಗೆ, ಬಲದ ಗುಹೆಯ ಬಾಯಲ್ಲಿ ಮಗುವಿನ ಚಪ್ಪಲಿ ಎಂದಾಕ್ಷಣ ಐವರಲ್ಲಿ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಆ ಭಿನ್ನಾಭಿಪ್ರಾಯವೇ ಕಥೆ. ಖಾಲಿ ಕೋಣೆ, ಒಂದೇ ಕೀಲಿಕೈಯಿಂದ ತೆರೆಯುವ ಬಾಗಿಲು, ಹೆಜ್ಜೆಹೆಜ್ಜೆಗೂ ಕೋಲಿನಿಂದ ತಟ್ಟಿ ನೋಡಬೇಕಾದ ನೆಲ ಇವೆಲ್ಲ ಮೇಜಿನ ಸಂಪತ್ತು. ಇಲ್ಲಿ ಅವನ್ನು ನಿರ್ದಾಕ್ಷಿಣ್ಯವಾಗಿ ಕೈಬಿಡಬೇಕು.

ಕಳೆದುಕೊಳ್ಳುವುದಷ್ಟೇ ಅಲ್ಲ, ಪಡೆದುಕೊಳ್ಳುವುದೂ ಇದೆ. ಸ್ಯಾಂಡಿ ಪೀಟರ್ಸನ್ ೧೯೮೧ರಲ್ಲಿ ರೂಪಿಸಿದ ‘ಕಾಲ್ ಆಫ್ ಕ್ತುಲ್ಹು’ ಎಂಬ ಆಟದ ಪರಂಪರೆಯಲ್ಲಿ, ವಿಶೇಷವಾಗಿ ೧೯೮೪ರ ‘ಮಾಸ್ಕ್ಸ್ ಆಫ್ ನ್ಯಾರ್ಲಥೋಟೆಪ್’ನಲ್ಲಿ, ಪತ್ರಗಳು, ಪತ್ರಿಕಾ ತುಣುಕುಗಳು ಆಟಗಾರರ ಕೈಗೆ ಸಿಗುತ್ತವೆ. ಮೇಜಿನ ಮೇಲೆ ಇವುಗಳಿಗೊಂದು ತೊಡಕಿದೆ. ಒಬ್ಬರು ಓದುತ್ತಿರುವಾಗ ಉಳಿದವರು ಸುಮ್ಮನೆ ಕುಳಿತಿರಬೇಕು. ಬರಹದ ಆಟದಲ್ಲಿ ಆ ತೊಡಕಿಲ್ಲ. ಅಷ್ಟೇ ಅಲ್ಲ, ಮಾಧ್ಯಮದ ಅಂತರವೇ ಅಳಿಸಿಹೋಗುತ್ತದೆ. ಗುಹೆಯನ್ನು ವರ್ಣಿಸಬೇಕು, ಆದರೆ ಪತ್ರವನ್ನು ವರ್ಣಿಸಬೇಕಾಗಿಲ್ಲ: ಕಥೆಯೊಳಗಿನ ಪತ್ರ ಇಲ್ಲಿ ಪತ್ರವೇ. ಆಟಗಾರ ಅದನ್ನು ಎರಡು ದಿನ ಇಟ್ಟುಕೊಂಡು, ಮತ್ತೆಮತ್ತೆ ಓದಿ, ದಿನಾಂಕ ಹೊಂದುತ್ತಿಲ್ಲವೆಂದು ಕಂಡುಹಿಡಿಯಬಹುದು. ನಮ್ಮ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಓದಿನ ಕ್ರಮವಿದು. ಪೋಲೆಂಡಿನ ಮಿಖಾವ್ ಒರಾಚ್ ರಚಿಸಿದ, ೨೦೦೧ರಲ್ಲಿ ಇಂಗ್ಲಿಷಿಗೆ ಬಂದ ‘ಡೆ ಪ್ರೊಫುಂಡಿಸ್’ ಇದನ್ನು ತುದಿಗೊಯ್ದಿತು. ಅಲ್ಲಿ ಆಟವೆಂದರೆ ಪಾತ್ರಗಳು ಪರಸ್ಪರ ಬರೆಯುವ ಪತ್ರಗಳೇ. ವಿಳಂಬ ಅಲ್ಲಿ ಕಥೆಯ ಭಾಗವಾಗುತ್ತದೆ. ಉತ್ತರ ಬಾರದಿದ್ದರೆ, ಬರೆಯುವವನಿಗೆ ಏನಾದರೂ ಆಗಿರಬಹುದೆಂಬ ಭಯ ಸಹಜವಾಗಿಯೇ ಮೂಡುತ್ತದೆ.

ಈ ಭಯ ಬರಿಯ ಕಲ್ಪನೆಯಲ್ಲ. ನಿಧಾನದ ಆಟಗಳಲ್ಲಿ ಆಟಗಾರರು ಹೇಳದೆ ಕೇಳದೆ ಕಾಣೆಯಾಗುವುದು ಸಾಮಾನ್ಯ. ಪರೀಕ್ಷೆ, ಕಚೇರಿ, ಮನೆಯವರ ಕಾಯಿಲೆ ಹೀಗೆ ಕಾರಣಗಳು ನೂರು. ಮೇಜಿನ ಸಾಹಸಪಠ್ಯ ಇದನ್ನು ಊಹಿಸುವುದಿಲ್ಲ. ಬರಹದ ಸಾಹಸಪಠ್ಯ ಪ್ರತಿ ತಿರುವಿನಲ್ಲಿಯೂ ‘ಉತ್ತರ ಬಾರದಿದ್ದರೆ ಏನಾಗುತ್ತದೆ’ ಎಂಬ ಸಾಲನ್ನು ಒಳಗೊಂಡಿರಲೇಬೇಕು. ‘ಕೋಣೆ ಕತ್ತಲಾಗಿದೆ, ಏನು ಮಾಡುತ್ತೀರಿ?’ ಎಂದು ಮುಗಿಯುವ ಬರಹ ಯಾರ ಮೇಲೂ ಭಾರ ಹೊರಿಸುವುದಿಲ್ಲ. ‘ದೀಪದಲ್ಲಿ ಎಣ್ಣೆ ಮುಗಿಯುತ್ತ ಬಂದಿದೆ. ಒಳಗಿನಿಂದ ಕೂಗುತ್ತಿರುವವನು ನಿಮ್ಮಲ್ಲೊಬ್ಬರ ಹೆಸರು ಹಿಡಿದು ಕೂಗುತ್ತಿದ್ದಾನೆ. ಯಾರೂ ಕದಲದಿದ್ದರೆ ನಾಡಿದ್ದು ಸಂಜೆಯ ಬರಹದಲ್ಲಿ ದೀಪ ಆರುತ್ತದೆ’ ಎಂದರೆ ಮೌನವೂ ಒಂದು ನಡೆಯಾಗುತ್ತದೆ. ಅಂತೆಯೇ ಪಾತ್ರವೊಂದು ಕೆಲಕಾಲ ಮರೆಯಾಗಲು ಕಥೆಯೊಳಗೇ ಎಡೆಯಿರಬೇಕು. ಸಾಹಸಿಗಳನ್ನು ಒಂದೇ ಸುರಂಗದಲ್ಲಿ ಕಟ್ಟಿಹಾಕುವುದಕ್ಕಿಂತ ಒಂದು ಹಡಗಿನ ಸಿಬ್ಬಂದಿಯಾಗಿಯೋ ಒಂದು ಊರಿನ ನಿವಾಸಿಗಳಾಗಿಯೋ ಕಲ್ಪಿಸುವುದು ಮೇಲು.

ನಮ್ಮ ತಾಳಮದ್ದಳೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಪ್ರಸಂಗದ ಪದ್ಯ ಸಿದ್ಧಪಠ್ಯ; ಅರ್ಥ ಆಶುವಾದುದು. ಅರ್ಥಧಾರಿಯ ಹೆಚ್ಚುಗಾರಿಕೆ ತಾನೆಷ್ಟು ಮಾತಾಡಿದ ಎಂಬುದರಲ್ಲಿಲ್ಲ. ಎದುರಾಳಿಗೆ ಹಿಡಿಯಲು ಎಂತಹ ಎಳೆಯನ್ನು ಬಿಟ್ಟ ಎಂಬುದರಲ್ಲಿದೆ. ಪೀಠಿಕೆಯಲ್ಲಿಯೇ ಎಲ್ಲವನ್ನೂ ಹೇಳಿ ಮುಗಿಸಿದರೆ ಎದುರಿನವರು ಏನನ್ನು ಹೇಳಬೇಕು? ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ತಾಳಮದ್ದಳೆಯಲ್ಲಿ ಕಥೆಯ ಅಂತ್ಯ ಎಲ್ಲರಿಗೂ ಗೊತ್ತು, ಉತ್ತರವೂ ತತ್‌ಕ್ಷಣದ್ದು. ಮಾತು ಅತಿಯಾದರೆ ಮುಂದಿನ ಪದವನ್ನು ಎತ್ತಿಕೊಳ್ಳಲು ಭಾಗವತರಿದ್ದಾರೆ. ಬರಹದ ಆಟದಲ್ಲಿ ಈ ಮೂರೂ ಇಲ್ಲ. ಎಳೆ ಬಿಡುವ ಹೊಣೆ ಅಲ್ಲಿ ಇನ್ನಷ್ಟು ಹೆಚ್ಚು.

ಈ ಹೊಣೆಯನ್ನು ಮರೆಸುವುದು ಸಾಹಿತ್ಯದ ಮೋಹ. ಬರೆಯಲು ಬಿಡುವಿದೆಯೆಂಬ ಕಾರಣಕ್ಕೆ ಆಟಗಾರರು ತಮ್ಮ ಪಾತ್ರದ ಬಾಲ್ಯ, ವಿಷಾದ, ಮಳೆಯ ಸದ್ದು ಇವುಗಳನ್ನು ಮೂರು ಪ್ಯಾರಾಗಳಲ್ಲಿ ತುಂಬಿ, ಕೊನೆಗೆ ಯಾರಿಗೂ ಏನನ್ನೂ ಬಿಟ್ಟುಕೊಡದೆ ನಿಲ್ಲಿಸುತ್ತಾರೆ. ಸೂತ್ರಧಾರರೂ ಇದಕ್ಕೆ ಹೊರತಲ್ಲ. ಇಂತಹ ಬರಹಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿರುತ್ತವೆ. ಆದರೆ ಅವು ಸಣ್ಣಕಥೆಯ ತುಣುಕುಗಳೇ ಹೊರತು ಆಟದ ನಡೆಗಳಲ್ಲ. ಸಾಹಿತ್ಯದ ಅಧ್ಯಾಪಕರು ಇದನ್ನು ಒಪ್ಪಲಿಕ್ಕಿಲ್ಲ. ಗದ್ಯದ ಸೊಗಸನ್ನು ದೋಷವೆನ್ನುವುದು ನಮಗೆ ರೂಢಿಯಿಲ್ಲದ ಮಾತು. ಆದರೂ ಈ ಪ್ರಕಾರದಲ್ಲಿ ಸೊಗಸಿನ ಅಳತೆಗೋಲು ಮುಂದಿನವನ ವಾಕ್ಯವೇ ಎಂದು ನಾನು ತಿಳಿಯುತ್ತೇನೆ.

ಧ್ವನಿ, ದೃಶ್ಯಗಳ ಮೂಲಕ ದೂರದವರೂ ಕೂಡಲೇ ಮಾತಾಡಬಹುದಾದ ಇಂದಿನ ದಿನಗಳಲ್ಲಿ ಈ ನಿಧಾನ ಏಕೆ ಎಂಬ ಆಕ್ಷೇಪವಿದೆ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಅನೇಕ ಮೇಜುಗಳು ವೀಡಿಯೊ ಕರೆಗೆ ಸ್ಥಳಾಂತರಗೊಂಡದ್ದೂ ಹೌದು. ಆದರೆ ರಾತ್ರಿಪಾಳಿಯವರು, ಎಳೆಯ ಮಕ್ಕಳ ತಾಯಂದಿರು, ಕಿವಿ ಕೇಳದವರು, ಬೇರೆಬೇರೆ ಖಂಡಗಳಲ್ಲಿರುವ ಗೆಳೆಯರು ಒಂದೇ ಹೊತ್ತಿಗೆ ಮೂರು ಗಂಟೆ ಕೂಡಿಬರುವುದು ಸುಲಭವಲ್ಲ. ನಮಗೆ ಹತ್ತಿರವಾದ ಇನ್ನೊಂದು ಕಾರಣವೂ ಇದೆ. ನಾನು ಮೇಲೆ ಹೆಸರಿಸಿದ ನಿಯಮಪುಸ್ತಕಗಳೆಲ್ಲ ನಮಗೆ ಸಿಗುವುದು ಇಂಗ್ಲಿಷಿನಲ್ಲಿ. ಮಾತಿನ ಅವಸರದಲ್ಲಿ ಅಲ್ಲಿಯ ಪದಗಳೇ ನಾಲಗೆಗೆ ಬರುತ್ತವೆ. ಬರೆಯುವಾಗ ಕನ್ನಡದ ಪದವೊಂದನ್ನು ಹುಡುಕಲು ಒಂದು ದಿನದ ಬಿಡುವಿರುತ್ತದೆ.

ಸಂಶೋಧಕರಿಗೆ ಇಲ್ಲಿರುವ ಆಕರವನ್ನು ಕುರಿತು ಒಂದು ಮಾತು. ಮೇಜಿನ ಆಟ ಮುಗಿದೊಡನೆ ಗಾಳಿಗೆ ಹೋಗುತ್ತದೆ. ಬರಹದ ಆಟದಲ್ಲಿ ಸಾಹಸಪಠ್ಯವೂ ಅದರಿಂದ ಹುಟ್ಟಿದ ಕಥನವೂ, ಯಾರು ಎಷ್ಟು ಹೊತ್ತಿಗೆ ಏನು ಬರೆದರೆಂಬ ವಿವರವೂ ಉಳಿಯುತ್ತವೆ. ಉಳಿಯುತ್ತವೆಯೆಂಬುದೂ ಪೂರ್ತಿ ನಿಜವಲ್ಲ: ಇಂತಹ ಆಟಗಾರರ ನೆಲೆಯೂ ಆಗಿದ್ದ ಗೂಗಲ್ ಪ್ಲಸ್ ೨೦೧೯ರ ಏಪ್ರಿಲ್‌ನಲ್ಲಿ ಸಾರ್ವಜನಿಕರಿಗೆ ಮುಚ್ಚಿತು. ಈ ಬರಹಗಳು ಪರಸ್ಪರರಿಗಾಗಿ ಬರೆದವಾದ್ದರಿಂದ, ಬರೆದವರ ಒಪ್ಪಿಗೆಯಿಲ್ಲದೆ ಸಂಗ್ರಹಿಸುವಂತೆಯೂ ಇಲ್ಲ. ಒಪ್ಪಿಗೆ ದೊರೆತಲ್ಲಿ ಮುಗಿದ ಆಟಗಳನ್ನಷ್ಟೇ ಆರಿಸಿಕೊಳ್ಳಬಾರದು. ನಿಂತುಹೋದ ಆಟಗಳ ಕೊನೆಯ ಬರಹಗಳನ್ನು ಪ್ರತ್ಯೇಕವಾಗಿ ಒಟ್ಟುಮಾಡಿ, ಅಲ್ಲಿ ಸರದಿ ಯಾರ ಕೈಯಲ್ಲಿತ್ತು, ಅವರಿಗೆ ಏನನ್ನು ಒಪ್ಪಿಸಲಾಗಿತ್ತು, ಉತ್ತರ ಬಾರದಿದ್ದರೆ ಏನಾಗಬೇಕೆಂದು ಮೂಲಪಠ್ಯದಲ್ಲಿ ಬರೆದಿತ್ತೇ ಎಂದು ನೋಡುವುದರಿಂದ ಈ ಅಧ್ಯಯನವನ್ನು ಆರಂಭಿಸಬಹುದು.