ಕುರ್ಚಿಯಲ್ಲಿ ಯಾರು ಕೂತರೇನು ಎನ್ನುವವರಿಗೆ

ಅರ್ಥಶಾಸ್ತ್ರ ಮತ್ತು ತಂತ್ರಜ್ಞಾನದ ಮೇಲಿನ ಹುದ್ದೆಗಳಿಗೆ ಹೆಣ್ಣುಮಕ್ಕಳು ಬರಬೇಕು, ಅದಕ್ಕೆ ನಿಯಮವೂ ಬೇಕು ಎಂದೊಡನೆ ನಾಲ್ಕು ಆಕ್ಷೇಪಗಳು ಸಾಲಾಗಿ ಎದುರಾಗುತ್ತವೆ. ಎತ್ತುವವರೆಲ್ಲ ಸ್ತ್ರೀದ್ವೇಷಿಗಳೇನಲ್ಲ, ಹಲವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುವುದು ಮೇಲು.

ಆಕ್ಷೇಪ 1: ಅರ್ಹತೆಯೊಂದನ್ನೇ ನೋಡಿ, ಹೆಣ್ಣು–ಗಂಡು ಎಂಬ ಲೆಕ್ಕವೇಕೆ?

ನೋಡೋಣ. ಆದರೆ ಅರ್ಹತೆ ಅಳೆಯುವ ಮೊದಲೇ ಬಾಗಿಲು ಹಾಕಿದರೆ? 1974ರಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತು, ಹೆಣ್ಣುಮಕ್ಕಳು ಅರ್ಜಿ ಹಾಕುವುದೇ ಬೇಡ ಎಂದಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಎಂ.ಇ. ಓದುತ್ತಿದ್ದ ಸುಧಾ ಕುಲಕರ್ಣಿ (ಮುಂದೆ ಸುಧಾ ಮೂರ್ತಿ) ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದು ಪ್ರಶ್ನಿಸಿದ ಮೇಲಷ್ಟೇ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಆ ಕಾರ್ಡು ಒಬ್ಬರಿಗೆ ದಾರಿ ಮಾಡಿತು. ಎಲ್ಲರಿಗೂ ದಾರಿಯಾಗಲು ನಿಯಮವೇ ಬೇಕು. 2018ರಿಂದ ಐಐಟಿಗಳು ಹುಡುಗಿಯರಿಗೆಂದು ಹೆಚ್ಚುವರಿ ಸೀಟು ಸೃಷ್ಟಿಸಿದವು. ಅದಕ್ಕಾಗಿ ಹುಡುಗರ ಸೀಟಿಗೆ ಕತ್ತರಿ ಹಾಕಲಿಲ್ಲ. ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಪಡೆಯದವರಿಗೆ ಪ್ರವೇಶವನ್ನೂ ಕೊಡಲಿಲ್ಲ. 2016ರಲ್ಲಿ ಶೇ. 8ರ ಆಸುಪಾಸಿನಲ್ಲಿದ್ದ ಹುಡುಗಿಯರ ಪಾಲು ಕೆಲವೇ ವರ್ಷಗಳಲ್ಲಿ ಶೇ. 20ರ ಹತ್ತಿರ ಬಂತು. ಇಷ್ಟೊಂದು ಅರ್ಹರು ಒಮ್ಮೆಲೇ ಎಲ್ಲಿಂದ ಹುಟ್ಟಿಬಂದರು? ಮೊದಲೂ ಇದ್ದರು.

ಆಕ್ಷೇಪ 2: ಹೆಂಗಸರಿಗೆ ತಂತ್ರಜ್ಞಾನದಲ್ಲಿ ಸಹಜ ಒಲವಿಲ್ಲ, ಯಂತ್ರಕ್ಕಂತೂ ಲಿಂಗಭೇದವೇ ಇಲ್ಲ.

1940ರ ದಶಕದಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ರೂಪಿಸಿದ ಮೊದಲ ತಂಡದ ಆರು ಮಂದಿಯೂ ಹೆಂಗಸರೇ. ಅದೇ ದೇಶದಲ್ಲಿ 1984ರ ಹೊತ್ತಿಗೆ ಕಂಪ್ಯೂಟರ್ ವಿಜ್ಞಾನದ ಪದವೀಧರರಲ್ಲಿ ಶೇ. 37ರಷ್ಟಿದ್ದ ಅವರ ಪಾಲು ಮುಂದೆ ಶೇ. 20ಕ್ಕಿಂತ ಕೆಳಗಿಳಿಯಿತು. ಹುಟ್ಟುಗುಣ ಎನ್ನುವುದು ಒಂದೇ ತಲೆಮಾರಿನಲ್ಲಿ ಅರ್ಧಕ್ಕೆ ಕರಗುತ್ತದೆಯೇ?

ಇನ್ನು ಯಂತ್ರದ ಮಾತು. ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರನ್ನು ಸಂಶೋಧಕಿಯರಾದ ಜಾಯ್ ಬೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇ. 1ನ್ನೂ ಮುಟ್ಟಿರಲಿಲ್ಲ, ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ ಹೋಗಿತ್ತು. ಈ ಪರೀಕ್ಷೆ ನಡೆಸಬೇಕೆಂದು ಹೊಳೆದದ್ದು, ಯಂತ್ರವು ತನ್ನ ಮುಖವನ್ನೇ ಗುರುತಿಸದೆ ಹೋದ ಕಪ್ಪು ಹೆಣ್ಣುಮಗಳಾದ ಬೊಲಾಮ್ವಿನಿಗೆ.

ಆಕ್ಷೇಪ 3: ಮೀಸಲಾತಿ ಬಂದ ಪಂಚಾಯಿತಿಗಳನ್ನೇ ನೋಡಿ, ಹೆಸರಿಗೆ ಅಧ್ಯಕ್ಷೆ, ಆಡಳಿತವೆಲ್ಲ ಗಂಡನದು.

ಇದು ಪೂರ್ತಿ ಸುಳ್ಳಲ್ಲ. ದೇಶದ ಕಾನೂನಿಗಿಂತ ಮೊದಲೇ, 1987ರ ಚುನಾವಣೆಯಲ್ಲಿ, ಸ್ಥಳೀಯ ಸಂಸ್ಥೆಗಳ ಶೇ. 25 ಸ್ಥಾನಗಳನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟ ಕರ್ನಾಟಕ ಇಂಥ ಗಂಡಂದಿರನ್ನು ಕಂಡಿದೆ. ಆದರೆ ಎಲ್ಲ ಕಡೆಯೂ ಹೀಗೆಯೇ ಆಗಿದ್ದರೆ, ಅಧ್ಯಕ್ಷೆ ಇರುವ ಊರಿಗೂ ಅಧ್ಯಕ್ಷ ಇರುವ ಊರಿಗೂ ಖರ್ಚಿನಲ್ಲಿ ವ್ಯತ್ಯಾಸ ಇರಬಾರದಿತ್ತು. ಇತ್ತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೊ, ರಾಘಬೇಂದ್ರ ಚಟ್ಟೋಪಾಧ್ಯಾಯ ಅವರೊಡನೆ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪಶ್ಚಿಮ ಬಂಗಾಳ, ರಾಜಸ್ಥಾನ ಎರಡರಲ್ಲೂ ಅಧ್ಯಕ್ಷೆಯರಿದ್ದ ಪಂಚಾಯಿತಿಗಳು ಕುಡಿಯುವ ನೀರಿನ ಕೆಲಸಕ್ಕೆ ಹೆಚ್ಚು ಗಮನ ಕೊಟ್ಟಿದ್ದವು. ಊರಿನ ಹೆಂಗಸರು ಹೆಚ್ಚಾಗಿ ದೂರುತ್ತಿದ್ದುದೂ ನೀರಿನ ಬಗ್ಗೆಯೇ. ಬಂಗಾಳದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, ಎರಡು ಅವಧಿಗೆ ಅಧ್ಯಕ್ಷೆಯನ್ನು ಕಂಡ ಹಳ್ಳಿಗಳಲ್ಲಿ ಮಗನ ಬಗ್ಗೆ ಮತ್ತು ಮಗಳ ಬಗ್ಗೆ ಹೆತ್ತವರು ಇಟ್ಟುಕೊಂಡ ಆಸೆಗಳ ನಡುವಿನ ಅಂತರ ಶೇ. 25ರಷ್ಟು ಕುಗ್ಗಿತ್ತು.

ಆಕ್ಷೇಪ 4: ಒಬ್ಬಿಬ್ಬರು ಮೇಲೇರಿದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೇನು ಲಾಭ?

ನಾಲ್ಕರಲ್ಲಿ ತೂಕದ ಆಕ್ಷೇಪ ಇದೇ. ಮೈಸೂರಿನಲ್ಲಿ ಬೆಳೆದ ಗೀತಾ ಗೋಪಿನಾಥ್ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞೆಯಾದ ಮಾತ್ರಕ್ಕೆ ಪೀಣ್ಯದಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತವಳ ಸಂಬಳ ಏರದು. ಆದರೆ ಯಾವುದನ್ನು ದುಡಿಮೆ ಎಂದು ಎಣಿಸಬೇಕೆಂದು ತೀರ್ಮಾನವಾಗುವುದು ಮೇಲೆಯೇ. ಮೈಸೂರಿನಲ್ಲೇ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನದ ಗಂಟೆಗಳನ್ನು ಲೆಕ್ಕ ಹಾಕಿಸಿ, ಸರ್ಕಾರಿ ಅಂಕಿಅಂಶಗಳು ಅವರ ದುಡಿಮೆಯನ್ನೇ ಬಿಟ್ಟಿವೆ ಎಂದು ತೋರಿಸಿದರು. 2019ರಲ್ಲಿ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆ ನಡೆಯಿತು: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. ಇಂದಿನ ಸಂಬಳದ ಅಂತರ ಮುಖ್ಯವಾಗಿ ಮೊದಲ ಮಗುವಿನ ನಂತರ ಹಿಗ್ಗುತ್ತದೆ ಎಂದು ತೋರಿಸಿದವರು 2023ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್. ಹಾಗಾದರೆ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿದ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಯಾರಿಗೆ ಹೆಚ್ಚು ಬೇಕು? ಆ ಗಾರ್ಮೆಂಟ್ಸ್ ಹೆಣ್ಣುಮಗಳಿಗೇ.

ಇಷ್ಟಾದರೂ ಒಪ್ಪದವರಲ್ಲಿ ಒಂದು ಕೋರಿಕೆ. ನಿಮ್ಮ ಕಂಪನಿಯ, ನಿಮ್ಮ ಬ್ಯಾಂಕಿನ, ನಿಮ್ಮ ವಿಶ್ವವಿದ್ಯಾಲಯದ ಹುದ್ದೆವಾರು ಸಂಬಳದ ಪಟ್ಟಿಯನ್ನು ಹೆಣ್ಣು–ಗಂಡು ಬೇರ್ಪಡಿಸಿ ಪ್ರಕಟಿಸಿ. ಎಲ್ಲವೂ ಅರ್ಹತೆಯಂತೆಯೇ ನಡೆಯುತ್ತಿದ್ದರೆ ಆ ಪಟ್ಟಿಯೇ ನಿಮ್ಮ ಪರ ವಾದಿಸುತ್ತದೆ. ಅಲ್ಲಿಯವರೆಗೆ ನಿಯಮ ಇರಲಿ.