ಜಠರವನ್ನು ತೆಗೆದ ಮೇಲೆ

ಜಠರದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯೇ ಆಗಬೇಕೆಂದು ವೈದ್ಯರು ತಿಳಿಸಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ, "ಹೊಟ್ಟೆ ಕೊಯ್ಯುವಿರೋ, ದುರ್ಬೀನಿನಿಂದ ಮಾಡುವಿರೋ?" ಎಂಬುದು. ಪ್ರಶ್ನೆ ತಪ್ಪಲ್ಲ. ಲ್ಯಾಪರೋಸ್ಕೋಪಿಯಲ್ಲಿ ಗಾಯ ಚಿಕ್ಕದು, ನೋವು ಕಡಿಮೆ. ರೋಗಿ ಬೇಗ ಎದ್ದು ಓಡಾಡುವನು. ಆದರೆ ಜಠರ ಹೋದ ಮೇಲೆ ಅನ್ನದ ದಾರಿಯನ್ನು ಹೇಗೆ ಕೂಡಿಸುವರು ಎಂದು ಕೇಳುವವರು ವಿರಳ. ರೋಗಿಯು ಮುಂದೆ ಬಾಳಬೇಕಾದುದು ಆ ಜೋಡಣೆಯೊಡನೆ.

ಈ ವಿದ್ಯೆ ಹಳೆಯದು. 1881ರಲ್ಲಿ ವಿಯೆನ್ನಾದ ಬಿಲ್‌ರೋತ್ ಅವರು ಜಠರದ ಕೆಳಭಾಗವನ್ನು ತೆಗೆದು, ಉಳಿದುದನ್ನು ಸಣ್ಣ ಕರುಳಿನ ಮೊದಲ ಭಾಗಕ್ಕೇ ಸೇರಿಸಿದರು. ಸ್ವಿಟ್ಸರ್ಲೆಂಡಿನ ರೂ ಅವರ ಹೆಸರಿನ ಕ್ರಮದಲ್ಲಿ ಕರುಳನ್ನು ಇಂಗ್ಲಿಷಿನ 'ವೈ' ಅಕ್ಷರದಂತೆ ಕೂಡಿಸುತ್ತಾರೆ. ಜಠರವನ್ನು ಪೂರ್ತಿ ತೆಗೆದಾಗ ಇಂದಿಗೂ ಹೆಚ್ಚಾಗಿ ಇದೇ ಆಶ್ರಯ. ಒಂದು ಕವಲು ಅನ್ನನಾಳಕ್ಕೆ. ಪಿತ್ತರಸ ತರುವ ಕವಲು ಅಲ್ಲಿಂದ ಸುಮಾರು 40 ಸೆಂಟಿಮೀಟರಿಗೂ ಕೆಳಗೆ, ಪಿತ್ತವು ಮೇಲೇರಿ ಅನ್ನನಾಳವನ್ನು ಸುಡದಿರಲೆಂದು.

1991ರಲ್ಲಿ ಜಪಾನಿನ ಕಿಟಾನೊ ಅವರು ಲ್ಯಾಪರೋಸ್ಕೋಪಿನ ನೆರವಿನಿಂದ ಜಠರದ ಭಾಗವನ್ನು ತೆಗೆದರು. ಜೋಡಣೆ ಮಾತ್ರ ಸಣ್ಣದೊಂದು ಕೊಯ್ತದ ಮೂಲಕ ನಡೆಯಿತು. ಅದನ್ನೂ ಸ್ಟೇಪ್ಲರುಗಳಿಂದ ಹೊಟ್ಟೆಯೊಳಗೇ ಮುಗಿಸುವ 'ಡೆಲ್ಟಾ' ವಿಧಾನವನ್ನು 2002ರಲ್ಲಿ ಕನಾಯಾ ಅವರು ಪ್ರಕಟಿಸಿದರು. ಅನ್ನನಾಳದ ಜೋಡಣೆ ಇದಕ್ಕಿಂತ ಕಠಿಣ. ವಪೆಯ ಅಡಿಯ ಇಕ್ಕಟ್ಟಿನಲ್ಲಿ, ಉದ್ದನೆಯ ಉಪಕರಣಗಳಿಂದ ಅದು ನಡೆಯಬೇಕು. ದುಂಡು ಸ್ಟೇಪ್ಲರಿನ ತಲೆಯನ್ನು ಅನ್ನನಾಳದೊಳಗೆ ಕೂಡಿಸುವುದೇ ಒಂದು ಸಾಹಸ. ನೇರ ಸ್ಟೇಪ್ಲರು ಸಣ್ಣ ರಂಧ್ರದಲ್ಲಿ ನುಸುಳುವುದಾದರೂ ಅದಕ್ಕೆ ಅನ್ನನಾಳ ಹೆಚ್ಚು ಉದ್ದ ಉಳಿದಿರಬೇಕು. ಜೋಡಣೆ ಸೋರಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ವಿಧಾನದ ಹೆಸರಿಗಿಂತ ಅದರಲ್ಲಿ ಪಳಗಿದ ಕೈ ಮುಖ್ಯ. ನಡುವೆ ಶಸ್ತ್ರವೈದ್ಯರು ಹೊಟ್ಟೆಯನ್ನು ತೆರೆಯಬೇಕಾಯಿತೆಂದರೆ ಅದನ್ನು ಸೋಲೆನ್ನುವುದು ಅನ್ಯಾಯ, ಅದು ವಿವೇಕ.

ಇನ್ನು ಮನೆಯ ಮಾತು. ಜಠರವೆಂಬ ಕಣಜವಿಲ್ಲದವನು ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪವೇ ಉಣ್ಣಬೇಕು. ಪೂರ್ತಿ ಜಠರ ಹೋದವನಿಗೆ ಬಿ-12 ಜೀವಸತ್ತ್ವವನ್ನು ಆಜೀವ ಪೂರೈಸಬೇಕು. ಅದನ್ನು ಹೀರಿಕೊಳ್ಳಲು ಬೇಕಾದ ವಸ್ತು ಜಠರದಲ್ಲೇ ಹುಟ್ಟುವಂಥದು. ದೇಹದ ದಾಸ್ತಾನು ಕೆಲವು ವರ್ಷ ಸಾಗುವುದರಿಂದ ಕೊರತೆ ತಡವಾಗಿ ತೋರುತ್ತದೆ, ಅಷ್ಟರಲ್ಲಿ ಚುಚ್ಚುಮದ್ದು ಮರೆತೇ ಹೋಗಿರುತ್ತದೆ. ಸಿಹಿಯು ಒಮ್ಮೆಲೇ ಕರುಳಿಗಿಳಿದರೆ ಬೆವರು, ಎದೆಬಡಿತ, ತಲೆಸುತ್ತು. ನಮ್ಮ ಮನೆಗಳಲ್ಲಿ ಉಪಚಾರವೆಂದರೆ ಒತ್ತಾಯ. ಚೇತರಿಸಿಕೊಂಡವನನ್ನು ಹಬ್ಬಕ್ಕೆ ಕರೆದು, "ಇಷ್ಟೇನಾ ಊಟ?" ಎಂದು ಎಲೆಗೆ ಇನ್ನೊಂದು ಹೋಳಿಗೆ ಹಾಕುವವರು, ಬೇಡವೆಂದವನ ಮಾತನ್ನು ನಂಬಬೇಕು.