ಕಡಲು ನೋಡಲು ಹೊರಟ ಮಕ್ಕಳಿಗೆ

ದೀಪಾವಳಿ ಕಳೆಯಿತೆಂದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಎಲ್ಲಿಗೆ ಹೋಗೋಣ ಎಂದು ಮೇಷ್ಟ್ರು ಕೇಳಿದರೆ ಹೆಚ್ಚು ಕೈಗಳು ಮೇಲೇಳುವುದು ಸಮುದ್ರಕ್ಕೇ. ಇದರಲ್ಲಿ ಆಶ್ಚರ್ಯವೇನಿಲ್ಲ. ಪಡುವಣ ಕಡಲಿನಿಂದ ಬರುವ ಮೋಡ ಘಟ್ಟದ ಮೇಲೆ ಸುರಿದು ಬರಿದಾಗಿ, ನಮ್ಮ ಹೊಲಗಳಿಗೆ ತಲುಪುವುದು ಅಳಿದುಳಿದ ಮಳೆ. ಮಳೆಗಾಗಿ ಮುಗಿಲು ನೋಡುವ ಸೀಮೆಯ ಮಗುವಿಗೆ, ಕಣ್ಣು ಹಾಯಿಸಿದಷ್ಟೂ ನೀರೇ ಇರುವ ಜಾಗವೊಂದು ಇದೆ ಎಂಬುದೇ ದೊಡ್ಡ ಬೆರಗು.

ಆದರೆ 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ನಡೆದದ್ದನ್ನು ಯಾವ ತಂದೆತಾಯಿಯೂ ಮರೆತಿರಲಾರರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಂದು ಸಮುದ್ರದ ಪಾಲಾದರು. ಅವರೂ ನಮ್ಮ ಮಕ್ಕಳಂತೆಯೇ ಬಯಲುಸೀಮೆಯವರು.

ಇಂಥ ಸುದ್ದಿ ಓದಿದ ಮೇಲೆ "ಸಮುದ್ರದ ಗೊಡವೆಯೇ ಬೇಡ" ಎನ್ನುವುದು ಸುಲಭ. ಆದರೆ ಇಂದು ಮೇಷ್ಟ್ರ ಜೊತೆ ಕಳಿಸದ ಹುಡುಗ ನಾಲ್ಕು ವರ್ಷ ಕಳೆದ ಮೇಲೆ ಗೆಳೆಯರ ಜೊತೆ ಹೇಳದೆ ಹೋಗುತ್ತಾನೆ. ಆಗ ಅವನಿಗೆ ಬುದ್ಧಿ ಹೇಳುವವರು ಯಾರೂ ಹತ್ತಿರ ಇರುವುದಿಲ್ಲ. ಅದಕ್ಕಿಂತ ಮಕ್ಕಳನ್ನು ಕಳಿಸುವುದೇ ಮೇಲು. ಆದರೆ ಕಡಲನ್ನು ಹೇಗೆ ನೋಡಬೇಕೆಂದು ಹೇಳಿ ಕಳಿಸಬೇಕು. ನನ್ನ ಮಟ್ಟಿಗೆ ಕಡಲನ್ನು ನೋಡುವ ಒಳ್ಳೆಯ ಬಗೆ, ಅದರಲ್ಲಿ ಮುಳುಗುವುದಲ್ಲ, ಅದರ ದಂಡೆಯ ಮೇಲೆ ನಡೆಯುವುದು.

ನಡೆಯುವುದು ನಮ್ಮವರಿಗೆ ಹೊಸದಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಪನಹಳ್ಳಿಗಳಿಂದ ಪ್ರತಿವರ್ಷ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ಆ ಕಾಲುಗಳಿಗೆ ಗೋಕರ್ಣದ ದಂಡೆ ಒಳ್ಳೆಯ ದಾರಿ. ಹರಿಹರ, ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಮುಂದೆ ಗೋಕರ್ಣ. ಮಹಾಬಲೇಶ್ವರ ದೇವಸ್ಥಾನದ ಮುಂದಿನ ಮರಳಿನಿಂದ ದಕ್ಷಿಣಕ್ಕೆ ಹೊರಟರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡವೊಂದನ್ನು ಏರಿ ಇಳಿದಾಗ ಕುಡ್ಲೆ ಕಡಲತೀರ. ಮತ್ತೊಂದು ಗುಡ್ಡ ದಾಟಿದರೆ 'ಓಂ' ಅಕ್ಷರದ ಹಾಗೆ ಬಾಗಿದ ಓಂ ಬೀಚು. ಅದರಾಚೆ ಹಾಫ್ ಮೂನ್, ಪ್ಯಾರಡೈಸ್ ಎಂಬ ಸಣ್ಣ ತೀರಗಳಿವೆ. ಆ ದಾರಿ ಬಂಡೆಗಳ ಮೇಲಿನದು, ಶಾಲಾ ಮಕ್ಕಳಿಗೆ ಓಂ ಬೀಚಿನವರೆಗಿನ ನಡಿಗೆಯೇ ಸಾಕು. ಗುಡ್ಡದ ಮೇಲೆ ನಿಂತರೆ ಒಂದು ಕಡೆ ಕಪ್ಪು ಬಂಡೆ, ಇನ್ನೊಂದು ಕಡೆ ನೀಲಿ ನೀರು.

ಇನ್ನೂ ದಕ್ಷಿಣಕ್ಕೆ ಅಘನಾಶಿನಿ ನದಿ ಸಮುದ್ರ ಸೇರುತ್ತದೆ. ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಹೊಳೆ ಇದು. ಉಪ್ಪುನೀರು ನುಗ್ಗಿದರೂ ಬದುಕುವ 'ಕಗ್ಗ' ಎಂಬ ಭತ್ತವನ್ನು ಇದರ ಗಜನಿ ಗದ್ದೆಗಳಲ್ಲಿ ಬೆಳೆಯುತ್ತಾರೆ. ಹತ್ತಿರದ ಸಾಣಿಕಟ್ಟಾದಲ್ಲಿ ಕಡಲ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಇಲ್ಲೊಂದು ನಂಟೂ ಇದೆ: ಅವರ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳ ಕೆರೆ ಮತ್ತು ಈ ಅಘನಾಶಿನಿ ಅಳಿವೆ, ಎರಡೂ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿ ಕೊನೆಯಲ್ಲಿ ಒಟ್ಟಿಗೇ ಬಂತು.

ಇನ್ನು ನೀರಿನ ವಿಷಯ. ನಮ್ಮ ಹುಡುಗರು ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರು. ಹಡಗಲಿಯವರು ತುಂಗಭದ್ರೆಯ ಸೆಳವನ್ನೂ ಬಲ್ಲರು. ಹೊಳೆಯ ಸೆಳವು ಒಂದೇ ದಿಕ್ಕಿಗೆ ಎಳೆಯುತ್ತದೆ, ಎದುರಿಗೆ ಇನ್ನೊಂದು ದಡ ಕಾಣುತ್ತದೆ. ಸಮುದ್ರದ ರೀತಿ ಬೇರೆ. ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಬೇಕಲ್ಲ, ಅದು ಎಲ್ಲೋ ಒಂದು ಇಕ್ಕಟ್ಟಾದ ಜಾಗದಲ್ಲಿ ಕೂಡಿ ರಭಸದಿಂದ ಒಳಕ್ಕೆ ಹರಿಯುತ್ತದೆ. ಇದೇ ರಿಪ್ ಕರೆಂಟ್. ಮೋಸವೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಸುತ್ತಲಿನದಕ್ಕಿಂತ ಅದೇ ಶಾಂತವಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡವರು ಗಾಬರಿಯಿಂದ ನೇರ ದಂಡೆಯ ಕಡೆಗೇ ಕೈ ಬೀಸಿ ಸುಸ್ತಾಗಿ ಮುಳುಗುತ್ತಾರೆ. ಮಾಡಬೇಕಾದದ್ದು ಬೇರೆ: ಸೆಳವಿಗೆ ಎದುರು ಬೀಳದೆ ತೇಲಬೇಕು, ಕೈಯೆತ್ತಿ ಕೂಗಬೇಕು, ಈಜಬಲ್ಲವರಾದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬರಬೇಕು. "ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು" ಎಂಬ ಗಾದೆ ಕೆರೆಗೆ ಸರಿ, ಕಡಲಿಗೆ ಸಲ್ಲದು.

ಈ ವಿದ್ಯೆಯಲ್ಲಿ ಆಸ್ಟ್ರೇಲಿಯಾದವರಿಂದ ಕಲಿಯುವುದಿದೆ. ಅಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಸಮುದ್ರದಿಂದ 50 ಕಿ.ಮೀ. ಒಳಗೇ ವಾಸಿಸುತ್ತಾರೆ. ಸಿಡ್ನಿಯ ಬಾಂಡೈಯಿಂದ ಕೂಜಿಯವರೆಗೆ ಬಂಡೆಯಂಚಿನಲ್ಲೇ ಸುಮಾರು 6 ಕಿ.ಮೀ. ಕಾಲುದಾರಿಯಿದೆ, ಸಂಸಾರ ಸಮೇತ ನಡೆಯುತ್ತಾರೆ. ಕಾವಲುಗಾರರಿರುವ ತೀರಗಳಲ್ಲಿ ಕೆಂಪು-ಹಳದಿ ಬಾವುಟಗಳನ್ನು ನೆಟ್ಟು, ಅವೆರಡರ ನಡುವೆ ಮಾತ್ರ ಈಜಿರೆಂದು ಅಲ್ಲಿನ ಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸುತ್ತಾರೆ. ಅಷ್ಟು ಪಳಗಿದ ನಾಡಿನಲ್ಲೂ 1967ರ ಡಿಸೆಂಬರ್ 17ರಂದು ಪ್ರಧಾನಿ ಹೆರಾಲ್ಡ್ ಹೋಲ್ಟ್ ಅವರೇ ಚೆವಿಯಟ್ ಬೀಚಿನಲ್ಲಿ ಈಜಲು ಇಳಿದು ಕಣ್ಮರೆಯಾದರು. ಅವರು ಈಜಿನಲ್ಲಿ ನುರಿತವರು. ದೇಹ ಕೂಡ ಸಿಗಲಿಲ್ಲ. ಸಮುದ್ರ ಯಾರ ಪದವಿಯನ್ನೂ ಕೇಳುವುದಿಲ್ಲ.

ಆದ್ದರಿಂದ ಪಾಲಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಮಾತು ಕೇಳಲಿ, ಮೇಷ್ಟ್ರು ಬೇಸರಿಸಬಾರದು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟ ಮಕ್ಕಳನ್ನು ಬೆಳಗ್ಗೆ ನೇರ ದಂಡೆಗೆ ಬಿಡುತ್ತೀರೋ, ವಿಶ್ರಾಂತಿ ಇದೆಯೋ? ಹೋಗುವ ತೀರದಲ್ಲಿ ಜೀವರಕ್ಷಕರು ಇದ್ದಾರೆಯೇ? ಅಂದಿನ ಉಬ್ಬರ ಎಷ್ಟು ಹೊತ್ತಿಗೆಂದು ಸ್ಥಳೀಯ ಮೀನುಗಾರರನ್ನು ಕೇಳಿದ್ದೀರಾ? ಎಷ್ಟು ಮಕ್ಕಳಿಗೆ ಒಬ್ಬರು ಶಿಕ್ಷಕರು? ಉಬ್ಬರ ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ಬರುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ, ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಹೆಚ್ಚು. ಇಳಿತದಲ್ಲಿ ಸುಲಭವಾಗಿ ದಾಟಿದ ಬಂಡೆ ಉಬ್ಬರದಲ್ಲಿ ನೀರೊಳಗಿರುತ್ತದೆ.

ಮಕ್ಕಳೇ, ನಿಮಗೂ ಮೂರು ಮಾತು. ಇಬ್ಬಿಬ್ಬರು ಜೊತೆಯಾಗಿ, ಒಬ್ಬರನ್ನೊಬ್ಬರು ಬಿಡದೆ ನಡೆಯಿರಿ. ಒದ್ದೆ ಬಂಡೆಯ ಮೇಲೆ ನಿಂತು, ಕಡಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬೇಡಿ. ಗೆಳೆಯ ಮುಳುಗುತ್ತಿದ್ದರೆ ನೀವೂ ಜಿಗಿಯಬೇಡಿ. ಕೂಗಿ ಜನರನ್ನು ಸೇರಿಸಿ, 112ಕ್ಕೆ ಕರೆ ಮಾಡಿಸಿ, ಹಗ್ಗವೋ ಖಾಲಿ ಕ್ಯಾನೋ ಎಸೆಯಿರಿ.

ಹೀಗೆ ಹೋಗಿ ಬಂದ ಮಗು ಪಾದಕ್ಕಂಟಿದ ಮರಳು, ಜೇಬಿನಲ್ಲಿ ನಾಲ್ಕು ಚಿಪ್ಪು, ಹೇಳಿ ಮುಗಿಯದಷ್ಟು ಮಾತು ಹೊತ್ತು ಮನೆಗೆ ಬರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಯಾವ ಪ್ರವಾಸದಿಂದಲೂ ಬಯಸಬೇಕಾಗಿಲ್ಲ.